ಅಮೆರಿಕದ ಲಾ ಸ್ಕೂಲ್: ಪದವಿಯ ಲೆಕ್ಕ ತಪ್ಪದಂತೆ, ಓದಿನಲ್ಲಿ ಒಂಟಿಯಾಗದಂತೆ ಜೆ.ಡಿ. ಮುಗಿಸುವುದು ಹೇಗೆ?

ನನ್ನ ಕೊನೆಯ ಸೆಮಿಸ್ಟರ್ ಶುರುವಾಗಿ ನಾಲ್ಕನೇ ದಿನ. ಕಾಲೇಜಿನ ರಿಜಿಸ್ಟ್ರಾರ್ ಕಚೇರಿಯಿಂದ ಒಂದು ಇಮೇಲ್ ಬಂತು. ಕ್ರೆಡಿಟ್ ಬೇಕಾದಷ್ಟಿದೆ, ಅಂಕವೂ ಚೆನ್ನಾಗಿದೆ, ಆದರೆ ಪದವಿಗೆ ಒಂದು ಷರತ್ತು ಬಾಕಿ ಇದೆ ಎಂದಿತ್ತು. ಎರಡು ಸಲ ಓದಿದೆ. ತಪ್ಪು ನನ್ನದೇ. ಕರಾರು ಪತ್ರಗಳ ಕರಡು ಬರೆಯುವುದನ್ನು ಕಲಿಸುವ ಕೋರ್ಸೊಂದನ್ನು ಎರಡನೇ ವರ್ಷದಲ್ಲಿ ತೆಗೆದುಕೊಂಡಿದ್ದೆ. ಅದನ್ನು ಎರಡು ಷರತ್ತುಗಳಿಗೆ ಹಿಡಿದುಕೊಂಡಿದ್ದೆ. ಪ್ರಾಯೋಗಿಕ ಕೋರ್ಸಿಗೂ ಅದೇ, ಬರವಣಿಗೆಗೂ ಅದೇ. ನಿಯಮದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಕೋರ್ಸ್ ಸೇರಿಸಿಕೊಳ್ಳಲು ಇನ್ನೊಂದೇ ದಿನ ಉಳಿದಿತ್ತು. ಒಬ್ಬ ಪ್ರೊಫೆಸರ್ ತಮ್ಮ ಸೆಮಿನಾರ್‌ನಲ್ಲಿ ಜಾಗ ಕೊಟ್ಟರು. ಇಲ್ಲದಿದ್ದರೆ ಆ ಮೇ ತಿಂಗಳಲ್ಲಿ ನನಗೆ ಪದವಿ ಸಿಗುತ್ತಿರಲಿಲ್ಲ. ವಕೀಲರಾಗಲು ಬರೆಯಬೇಕಾದ ಜುಲೈನ ಬಾರ್ ಪರೀಕ್ಷೆಯೂ ಕೈತಪ್ಪುತ್ತಿತ್ತು.

ಆ ಹೊತ್ತಿಗೆ ನಾನು ಮೊದಲ ವರ್ಷದವರಿಗೆ ಟಿಎ, ಅಂದರೆ ಪ್ರೊಫೆಸರಿಗೆ ನೆರವಾಗುವ ಸೀನಿಯರ್ ವಿದ್ಯಾರ್ಥಿ, ಆಗಿ ಪಾಠ ಹೇಳಿಕೊಡುತ್ತಿದ್ದೆ. ಅಲ್ಲಿ ನೋಡಿದ್ದೂ ಇದೇ. ಬುದ್ಧಿ ಸಾಲದೆ ಕಷ್ಟಕ್ಕೆ ಬಿದ್ದವರು ಕಡಿಮೆ. ಹೊತ್ತಿಗೆ ಸರಿಯಾಗಿ ಕೇಳದೆ ಕಷ್ಟಕ್ಕೆ ಬಿದ್ದವರು ಜಾಸ್ತಿ. ಹಾಗಾಗಿ ಈ ಬರಹದಲ್ಲಿ ಎರಡು ವಿಷಯಗಳನ್ನು ಒಟ್ಟಿಗೇ ಹೇಳುತ್ತೇನೆ. ಪದವಿಗೆ ಏನೇನು ಬೇಕು ಎನ್ನುವುದು ಒಂದು. ಓದಿಗೆ ಸಹಾಯ ಎಲ್ಲಿ ಸಿಗುತ್ತದೆ, ಯಾವಾಗ ಕೇಳಬೇಕು ಎನ್ನುವುದು ಇನ್ನೊಂದು. ಅಮೆರಿಕದಲ್ಲಿ ಜೆ.ಡಿ. ಓದಲು ಹೊರಟವರಿಗೆ, ಈಗಾಗಲೇ ಓದುತ್ತಿರುವವರಿಗೆ, ಮಗ ಅಥವಾ ಮಗಳು ಯಾಕೆ ಫೋನ್ ಎತ್ತುತ್ತಿಲ್ಲ ಎಂದು ಚಿಂತಿಸುವ ಅಪ್ಪ ಅಮ್ಮಂದಿರಿಗೆ ಇದು.

ಮೊದಲೇ ಒಂದು ಮಾತು. ಜೆ.ಡಿ. ಎಂದರೆ ಜೂರಿಸ್ ಡಾಕ್ಟರ್, ಅಮೆರಿಕದ ಕಾನೂನು ಪದವಿ. ಅಮೆರಿಕದಲ್ಲಿ ಪಿಯುಸಿ ಮಟ್ಟದ ಓದು ಮುಗಿಸಿ ನೇರವಾಗಿ ಕಾನೂನು ಕಾಲೇಜಿಗೆ ಸೇರುವ ಪದ್ಧತಿ ಇಲ್ಲ. ಮೊದಲು ಯಾವುದಾದರೂ ವಿಷಯದಲ್ಲಿ ಪದವಿ, ಆಮೇಲೆ ಜೆ.ಡಿ. ಪೂರ್ಣಾವಧಿ ಓದಿದರೆ ಮೂರು ವರ್ಷ, ಅರೆಕಾಲಿಕವಾಗಿ ಓದಿದರೆ ಸಾಮಾನ್ಯವಾಗಿ ನಾಲ್ಕು ವರ್ಷ. ಬೇರೆ ದೇಶದಲ್ಲಿ ವಕೀಲರಾದವರು ಓದುವ ಎಲ್‌ಎಲ್‌.ಎಂ. ದಾರಿ ಬೇರೆ, ಅದರ ನಿಯಮಗಳೂ ಬೇರೆ. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಹಂತ 1: ಮೂರು ಪಟ್ಟಿಗಳನ್ನು ಒಂದೇ ಹಾಳೆಗೆ ತನ್ನಿ

ಪದವಿಯ ಷರತ್ತುಗಳು ಒಂದೇ ಕಡೆಯಿಂದ ಬರುವುದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ಅಮೆರಿಕನ್ ಬಾರ್ ಅಸೋಸಿಯೇಷನ್, ಅಂದರೆ ಎಬಿಎ, ತಾನು ಮಾನ್ಯತೆ ಕೊಟ್ಟ ಕಾಲೇಜುಗಳಿಗೆಲ್ಲ ಕನಿಷ್ಠ ಮಟ್ಟ ಹಾಕುತ್ತದೆ. ಅದರ ಮೇಲೆ ಕಾಲೇಜು ತನ್ನದೇ ಷರತ್ತುಗಳನ್ನು ಸೇರಿಸುತ್ತದೆ. ನೀವು ವಕೀಲಿಕೆ ಮಾಡಬೇಕೆಂದಿರುವ ರಾಜ್ಯ ಇನ್ನೂ ಕೆಲವನ್ನು ಸೇರಿಸಬಹುದು. ಕಾಲೇಜಿನ ಪಟ್ಟಿ ಮುಗಿದರೆ ಪದವಿ ಸಿಗುತ್ತದೆ. ರಾಜ್ಯದ ಪಟ್ಟಿಯೂ ಮುಗಿದರೆ ಮಾತ್ರ ವಕೀಲರಾಗುತ್ತೀರಿ.

ಎಬಿಎ ಪಟ್ಟಿಯಿಂದ ಶುರು ಮಾಡೋಣ. ಪದವಿಗೆ ಕನಿಷ್ಠ 83 ಕ್ರೆಡಿಟ್ ಬೇಕು. ಅನೇಕ ಕಾಲೇಜುಗಳು ಇದಕ್ಕಿಂತ ಜಾಸ್ತಿ ಕೇಳುತ್ತವೆ. ಆ 83ರಲ್ಲಿ ಕನಿಷ್ಠ 64 ಕ್ರೆಡಿಟ್ ಕ್ಲಾಸಿನಲ್ಲಿ ಕೂತು ಅಥವಾ ಅಧ್ಯಾಪಕರಿಂದ ನೇರವಾಗಿ ಕಲಿತು ಗಳಿಸಿದ್ದಾಗಿರಬೇಕು. ವಿದ್ಯಾರ್ಥಿಗಳೇ ನಡೆಸುವ ಕಾನೂನು ಪತ್ರಿಕೆ ಲಾ ರಿವ್ಯೂ, ಅಣಕು ವಾದದ ಸ್ಪರ್ಧೆ ಮೂಟ್ ಕೋರ್ಟ್, ಹೊರಗಿನ ಕಚೇರಿಯಲ್ಲಿ ಮಾಡುವ ಎಕ್ಸ್‌ಟರ್ನ್‌ಶಿಪ್ ಕೆಲಸ ಇವೆಲ್ಲ ಕ್ರೆಡಿಟ್ ಕೊಡುತ್ತವೆ ನಿಜ. ಆದರೆ ಅವು ಈ 64ರೊಳಗೆ ಬರುವುದಿಲ್ಲ. ಹುರುಪಿನಲ್ಲಿ ಎಲ್ಲಕ್ಕೂ ಕೈಹಾಕುವವರು ಈ ಅಂಕಿಯನ್ನು ಮರೆಯುತ್ತಾರೆ.

ಓದು ಶುರುವಾದ ದಿನದಿಂದ 24 ತಿಂಗಳಿಗೆ ಮುಂಚೆ ಪದವಿ ಮುಗಿಸುವಂತಿಲ್ಲ. ತೀರಾ ಅಸಾಧಾರಣ ಕಾರಣ ಇಲ್ಲದಿದ್ದರೆ 84 ತಿಂಗಳೊಳಗೆ ಮುಗಿಸಲೇಬೇಕು. ನಡುವೆ ಹೆರಿಗೆ, ಕಾಯಿಲೆ, ಮನೆಯ ತೊಂದರೆ ಎಂದು ರಜೆ ಹಾಕಿದರೂ ಈ ಗಡಿಯಾರ ಓಡುತ್ತಲೇ ಇರುತ್ತದೆ. ಇನ್ನೊಂದು ಮಿತಿಯೂ ಇದೆ. ಒಂದು ಸಲಕ್ಕೆ ಒಟ್ಟು ಕ್ರೆಡಿಟ್‌ನ ಶೇಕಡಾ 20ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. 85 ಕ್ರೆಡಿಟ್ ಕೇಳುವ ಕಾಲೇಜಾದರೆ ಸೆಮಿಸ್ಟರಿಗೆ 17ಕ್ಕೇ ನಿಲ್ಲಬೇಕು. ಅಂದರೆ ಹಿಂದೆ ಬಿದ್ದದ್ದನ್ನೆಲ್ಲ ಕೊನೆಯ ಸೆಮಿಸ್ಟರಿನಲ್ಲಿ ಒಟ್ಟಿಗೇ ತುಂಬಿಕೊಳ್ಳಲು ಆಗುವುದಿಲ್ಲ.

ಇನ್ನು ಕ್ರೆಡಿಟ್ ಎಷ್ಟೇ ಇರಲಿ, ಬೇರೆಯಾಗಿ ಮುಗಿಸಲೇಬೇಕಾದ ಮೂರು ಷರತ್ತುಗಳಿವೆ. ವೃತ್ತಿ ಧರ್ಮ ಕಲಿಸುವ ಪ್ರೊಫೆಷನಲ್ ರೆಸ್ಪಾನ್ಸಿಬಿಲಿಟಿ ಕೋರ್ಸ್ ಒಂದು, ಕನಿಷ್ಠ 2 ಕ್ರೆಡಿಟ್‌ನದು. ಬರವಣಿಗೆ ಎರಡು ಸಲ. ಮೊದಲ ವರ್ಷದಲ್ಲಿ ಒಂದು, ಆಮೇಲೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇನ್ನೊಂದು. ಮೂರನೆಯದು ಪ್ರಾಯೋಗಿಕ ಕೋರ್ಸುಗಳು, ಕನಿಷ್ಠ 6 ಕ್ರೆಡಿಟ್. ಇದನ್ನು ಮೂರು ರೀತಿಯಲ್ಲಿ ಗಳಿಸಬಹುದು. ನಿಜವಾದ ಕಕ್ಷಿದಾರರ ಕೆಲಸ ಮಾಡುವ ಕ್ಲಿನಿಕ್, ಹೊರಗಿನ ಕಚೇರಿಯ ಎಕ್ಸ್‌ಟರ್ನ್‌ಶಿಪ್, ಅಥವಾ ಅಣಕು ವಿಚಾರಣೆ ಮತ್ತು ಕರಡು ಬರವಣಿಗೆಯಂಥ ಸಿಮ್ಯುಲೇಷನ್ ಕೋರ್ಸ್. ಇದಕ್ಕೆ ಅಂಟಿಕೊಂಡ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಒಂದು ಕೋರ್ಸ್ ಈ ಮೂರು ಷರತ್ತುಗಳಲ್ಲಿ ಒಂದಕ್ಕೆ ಮಾತ್ರ ಲೆಕ್ಕ. ನಾನು ಎಡವಿದ್ದು ಇಲ್ಲೇ.

ಈಗ ನಿಮ್ಮ ಕಾಲೇಜಿನ ಕೈಪಿಡಿ ತೆಗೆಯಿರಿ. ನೀವು ಸೇರಿದ ವರ್ಷದ್ದೇ ಆಗಿರಲಿ. ನಿಯಮ ಬದಲಾದಾಗ ಸಾಮಾನ್ಯವಾಗಿ ಸೇರಿದ ವರ್ಷದ ಕೈಪಿಡಿಯೇ ನಿಮಗೆ ಅನ್ವಯಿಸುತ್ತದೆ. ಅದರಲ್ಲಿ ಇವನ್ನು ಹುಡುಕಿ. ಒಟ್ಟು ಎಷ್ಟು ಕ್ರೆಡಿಟ್, ಕಡ್ಡಾಯ ಕೋರ್ಸುಗಳು ಯಾವುವು, ಕನಿಷ್ಠ ಜಿಪಿಎ (ಗ್ರೇಡ್‌ಗಳ ಸರಾಸರಿ) ಎಷ್ಟು, ಪಾಸ್ ಅಥವಾ ಫೇಲ್ ಎಂದು ಮಾತ್ರ ಬರುವ ಕೋರ್ಸುಗಳಿಗೆ ಮಿತಿ ಎಷ್ಟು, ಬೇರೆ ವಿಭಾಗದಲ್ಲಿ ಓದಿದ್ದನ್ನು ಎಷ್ಟು ಒಪ್ಪುತ್ತಾರೆ, ಕ್ಲಾಸ್ ಎಷ್ಟು ತಪ್ಪಿಸಬಹುದು. ಹಾಜರಾತಿಯನ್ನು ಹಗುರವಾಗಿ ನೋಡಬೇಡಿ. ಮಿತಿ ದಾಟಿದರೆ ಪರೀಕ್ಷೆಗೇ ಕೂರಿಸದ ಕಾಲೇಜುಗಳಿವೆ.

ಮೂರನೆಯದು ರಾಜ್ಯ. ಉದಾಹರಣೆಗೆ ನ್ಯೂಯಾರ್ಕ್‌ನಲ್ಲಿ ವಕೀಲಿಕೆಗೆ ಅರ್ಜಿ ಹಾಕುವವರು 50 ಗಂಟೆ ಉಚಿತ ಕಾನೂನು ಸೇವೆ ಮಾಡಿರಬೇಕು. ಇದನ್ನು ಓದುವಾಗಲೇ ಮುಗಿಸಬಹುದು. ಕಾಲೇಜಿನ ಕ್ಲಿನಿಕ್‌ನಲ್ಲಿ ಬಡವರ ಪರ ಮಾಡಿದ ಕೆಲಸವೂ ಇದಕ್ಕೆ ಸಲ್ಲುತ್ತದೆ. ಮೊದಲೇ ಗೊತ್ತಿದ್ದವರು ಎರಡನೇ ವರ್ಷದಲ್ಲೇ ಮುಗಿಸಿಕೊಳ್ಳುತ್ತಾರೆ. ಗೊತ್ತಿಲ್ಲದವರು ಬಾರ್ ಪರೀಕ್ಷೆ ಬರೆದ ಮೇಲೆ ಓಡಾಡುತ್ತಾರೆ.

ಮೂರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಎಡಕ್ಕೆ ಷರತ್ತು, ನಡುವೆ ಅದಕ್ಕೆಂದು ಇಟ್ಟುಕೊಂಡ ಕೋರ್ಸ್, ಬಲಕ್ಕೆ ಮುಗಿದ ಸೆಮಿಸ್ಟರ್. ಕಾಲೇಜಿನ ಪೋರ್ಟಲ್‌ನಲ್ಲಿ ಡಿಗ್ರಿ ಆಡಿಟ್ ಎಂಬ ವರದಿ ಇರುತ್ತದೆ. ಅದನ್ನೂ ಪ್ರತಿ ಸೆಮಿಸ್ಟರ್ ನೋಡಿ. ಆದರೆ ಅದನ್ನಷ್ಟೇ ನೆಚ್ಚಿಕೊಳ್ಳಬೇಡಿ. ಬರವಣಿಗೆಯ ಷರತ್ತನ್ನು ಬಹಳ ಕಡೆ ಕೈಯಿಂದಲೇ ದಾಖಲಿಸುತ್ತಾರೆ. ಪ್ರೊಫೆಸರ್ ಸಹಿ ಮಾಡಿದ ಫಾರ್ಮ್ ಕಚೇರಿಗೆ ತಲುಪಿದ ಮೇಲೇ ಅದು ಮುಗಿಯಿತು ಎಂದು ತೋರಿಸುತ್ತದೆ.

ಹಂತ 2: ಒಂದು ಕ್ರೆಡಿಟ್ ಎಂದರೆ ಎಷ್ಟು ಗಂಟೆ?

ಎಬಿಎ ಪ್ರಕಾರ ಒಂದು ಕ್ರೆಡಿಟ್ ಎಂದರೆ ವಾರಕ್ಕೆ 50 ನಿಮಿಷ ಪಾಠ, ಅದರ ಹೊರಗೆ ಎರಡು ಗಂಟೆ ಓದು. ಹೀಗೆ ಸುಮಾರು 15 ವಾರ. ನಿಮ್ಮ ಬಳಿ 15 ಕ್ರೆಡಿಟ್ ಇದ್ದರೆ ವಾರಕ್ಕೆ ಹನ್ನೆರಡೂವರೆ ಗಂಟೆ ಕ್ಲಾಸ್, 30 ಗಂಟೆ ಓದು. ಒಟ್ಟು 42.5 ಗಂಟೆ. ಇದು ಪೂರ್ತಿ ಒಂದು ಕೆಲಸದಷ್ಟಾಯಿತು, ಅಲ್ವಾ? ಅದೂ ಕಾಗದದ ಮೇಲಿನ ಕನಿಷ್ಠ. ಮೊದಲ ವರ್ಷದಲ್ಲಿ, ಅದರಲ್ಲೂ ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ, ಇದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ.

ಹಾಗಾಗಿ ವಾರದ ವೇಳಾಪಟ್ಟಿಯಲ್ಲಿ ಓದಿನ 30 ಗಂಟೆಯನ್ನೂ ಕ್ಲಾಸಿನಂತೆಯೇ ಬರೆದಿಡಿ. "ಸಮಯ ಸಿಕ್ಕಾಗ ಓದುತ್ತೇನೆ" ಎಂದವರಿಗೆ ಸಮಯ ಸಿಕ್ಕಿದ್ದನ್ನು ನಾನು ನೋಡಿಲ್ಲ. ಕೆಲಸ ಮಾಡಿಕೊಂಡು ಓದಬೇಕಾದವರು ಅರೆಕಾಲಿಕ ಕೋರ್ಸನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿರುವವರಿಗೆ ಈ ದಾರಿ ಸಾಮಾನ್ಯವಾಗಿ ಇಲ್ಲ. ಅವರು ಪೂರ್ಣಾವಧಿಯೇ ಓದಬೇಕು. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ.

ಹಂತ 3: ಮೊದಲ ವರ್ಷ ಓದುವ ರೀತಿಯನ್ನೇ ಬದಲಿಸಿಕೊಳ್ಳಿ

ಮೊದಲ ವರ್ಷದ ವಿಷಯಗಳು ಬಹುತೇಕ ಎಲ್ಲ ಕಾಲೇಜುಗಳಲ್ಲೂ ಒಂದೇ: ಕರಾರು ಕಾನೂನು, ಟಾರ್ಟ್ಸ್ (ಹಾನಿಗೆ ಪರಿಹಾರದ ಕಾನೂನು), ಆಸ್ತಿ ಕಾನೂನು, ಕ್ರಿಮಿನಲ್ ಕಾನೂನು, ಸಿವಿಲ್ ಪ್ರೊಸೀಜರ್, ಸಂವಿಧಾನ, ಜೊತೆಗೆ ಕಾನೂನು ಬರವಣಿಗೆ. ಕಷ್ಟ ವಿಷಯದಲ್ಲಿಲ್ಲ, ಪಾಠದ ಕ್ರಮದಲ್ಲಿದೆ. 1870ರಲ್ಲಿ ಹಾರ್ವರ್ಡ್‌ನ ಡೀನ್ ಆದ ಕ್ರಿಸ್ಟೋಫರ್ ಲ್ಯಾಂಗ್ಡೆಲ್ ಶುರು ಮಾಡಿದ ಪದ್ಧತಿ ಇಂದಿಗೂ ನಡೆಯುತ್ತಿದೆ. ನಿಯಮವನ್ನು ಯಾರೂ ಬೋರ್ಡಿನ ಮೇಲೆ ಬರೆದು ಕೊಡುವುದಿಲ್ಲ. ಹಳೆಯ ತೀರ್ಪುಗಳನ್ನು ನೀವೇ ಓದಿ, ಅದರೊಳಗಿಂದ ನಿಯಮವನ್ನು ತೆಗೆಯಬೇಕು. ಕ್ಲಾಸಿನಲ್ಲಿ ಪ್ರೊಫೆಸರ್ ಹೆಸರು ಹಿಡಿದು ಎಬ್ಬಿಸಿ ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಟ್ಟರೆ ಸಂಗತಿಯನ್ನು ಸ್ವಲ್ಪ ಬದಲಿಸಿ ಮತ್ತೆ ಕೇಳುತ್ತಾರೆ.

ಪಾಠವನ್ನು ಬಾಯಿಪಾಠ ಮಾಡಿ, ನೋಟ್ಸ್ ಓದಿ, ಮೊದಲ ರ‍್ಯಾಂಕ್ ಬಂದವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಕ್ಲಾಸಿನಲ್ಲಿ ತಡವರಿಸಿದ್ದಕ್ಕೆ ವಾರಗಟ್ಟಲೆ ಕೊರಗಬೇಡಿ. ಬಹುತೇಕ ಕಡೆ ಅಂಕ ನಿಂತಿರುವುದು ಕೊನೆಯ ಪರೀಕ್ಷೆಯ ಮೇಲೆ. ಆ ಉತ್ತರ ಪತ್ರಿಕೆಯಲ್ಲಿ ನಿಮ್ಮ ಹೆಸರೂ ಇರುವುದಿಲ್ಲ, ಒಂದು ಸಂಖ್ಯೆ ಮಾತ್ರ.

ಪ್ರತಿ ತೀರ್ಪಿಗೂ ಅರ್ಧ ಪುಟದ ಟಿಪ್ಪಣಿ ಮಾಡಿ. ಏನಾಯಿತು, ಕೆಳಗಿನ ಕೋರ್ಟ್ ಏನು ಹೇಳಿತು, ಈಗ ಇರುವ ಪ್ರಶ್ನೆ ಏನು, ತೀರ್ಮಾನ ಏನು, ಯಾಕೆ. ಇದಕ್ಕೆ ಕೇಸ್ ಬ್ರೀಫ್ ಎನ್ನುತ್ತಾರೆ. ಅರ್ಧ ಪುಟ ದಾಟಬೇಡಿ. ಮೂರು ಪುಟ ಬ್ರೀಫ್ ಬರೆಯುವವರು ತೀರ್ಪನ್ನು ನಕಲು ಮಾಡುತ್ತಿರುತ್ತಾರೆ, ಓದುತ್ತಿರುವುದಿಲ್ಲ. ಆರನೇ ವಾರದ ಹೊತ್ತಿಗೆ ಔಟ್‌ಲೈನ್ ಶುರು ಮಾಡಿ. ಅಂದರೆ ಇಡೀ ವಿಷಯವನ್ನು ಕೇಸುಗಳ ಸಾಲಾಗಿ ಅಲ್ಲ, ನಿಯಮಗಳ ಮರವಾಗಿ ಜೋಡಿಸುವುದು. ಸೀನಿಯರ್‌ಗಳ ಔಟ್‌ಲೈನ್ ಸುಲಭವಾಗಿ ಸಿಗುತ್ತದೆ. ಹೋಲಿಸಿ ನೋಡಲು ಇಟ್ಟುಕೊಳ್ಳಿ. ಆದರೆ ಬರೆಯುವಾಗಲೇ ವಿಷಯ ತಲೆಗೆ ಇಳಿಯುವುದು, ಸುಮ್ನೆ ಓದಿದರೆ ಇಳಿಯುವುದಿಲ್ಲ.

ಪರೀಕ್ಷೆಯ ಉತ್ತರಕ್ಕೆ ಒಂದು ಚೌಕಟ್ಟಿದೆ. ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಸೇರಿಸಿ ಅದಕ್ಕೆ ಐರ‍್ಯಾಕ್ ಎನ್ನುತ್ತಾರೆ. ಮೊದಲು ಪ್ರಶ್ನೆ, ಆಮೇಲೆ ನಿಯಮ, ಆಮೇಲೆ ನಿಯಮವನ್ನು ಸಂಗತಿಗೆ ಹಚ್ಚುವುದು, ಕೊನೆಗೆ ತೀರ್ಮಾನ. ಒಂದು ಉದಾಹರಣೆ ನೋಡಿ. ಒಬ್ಬಳು ತನ್ನ ಹಳೇ ಕಾರನ್ನು 5,000 ಡಾಲರ್‌ಗೆ ಕೊಡುತ್ತೇನೆ, ಶುಕ್ರವಾರದವರೆಗೆ ಸಮಯವಿದೆ ಎಂದು ಗೆಳೆಯನಿಗೆ ಬರೆದು ಸಹಿ ಹಾಕಿ ಕೊಟ್ಟಳು. ಬುಧವಾರ ಬೇರೊಬ್ಬರಿಗೆ ಮಾರಿಬಿಟ್ಟಳು. ಗೆಳೆಯನಿಗೆ ಆ ಸುದ್ದಿ ನಂಬಿಕಸ್ಥರಾದ ಮೂರನೆಯವರಿಂದ ಗೊತ್ತಾಯಿತು. ಆದರೂ ಗುರುವಾರ ಹೋಗಿ "ಒಪ್ಪಿದೆ" ಎಂದ. ಕರಾರು ಆಯಿತೇ?

ಹೊಸಬರು "ಇಲ್ಲ, ಕಾರು ಮಾರಿ ಆಗಿದೆ" ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ತೀರ್ಮಾನ ಸರಿ ಇರಬಹುದು, ಅಂಕ ಬರುವುದಿಲ್ಲ. ಬರೆಯಬೇಕಾದ್ದು ಹೀಗೆ. ಒಪ್ಪಿಗೆ ಕೊಡುವ ಮೊದಲೇ ಪ್ರಸ್ತಾಪ ರದ್ದಾಗಿತ್ತೇ ಎನ್ನುವುದು ಪ್ರಶ್ನೆ. ಪ್ರತಿಫಲ ಪಡೆಯದೆ ಕೊಟ್ಟ ಪ್ರಸ್ತಾಪವನ್ನು ಒಪ್ಪಿಗೆ ಬರುವ ಮುನ್ನ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎನ್ನುವುದು ನಿಯಮ. ಶುಕ್ರವಾರದವರೆಗೆ ಎಂದ ಮಾತಿಗೂ ಇದೇ ಅನ್ವಯ. ಕಾರು ಸರಕಾದ್ದರಿಂದ ಯುಸಿಸಿ, ಅಂದರೆ ಏಕರೂಪ ವಾಣಿಜ್ಯ ಸಂಹಿತೆ, ಬರುತ್ತದೆ. ಅದರ 2-205ನೇ ಕಲಂ ಬರೆದು ಸಹಿ ಹಾಕಿದ ಪ್ರಸ್ತಾಪವನ್ನು ರದ್ದು ಮಾಡದಂತೆ ತಡೆಯುತ್ತದೆ ನಿಜ. ಆದರೆ ಅದು ವ್ಯಾಪಾರಿಗಳಿಗೆ ಮಾತ್ರ. ಇವಳು ಕಾರಿನ ವ್ಯಾಪಾರಿ ಎನ್ನಲು ಇಲ್ಲಿ ಏನೂ ಇಲ್ಲ. ಇನ್ನು ರದ್ದಾದ ಸುದ್ದಿ ಅವಳ ಬಾಯಿಂದಲೇ ಬರಬೇಕಿಲ್ಲ. ಅವಳು ಪ್ರಸ್ತಾಪಕ್ಕೆ ವಿರುದ್ಧವಾಗಿ ನಡೆದುಕೊಂಡದ್ದು ನಂಬುವಂಥ ಮೂಲದಿಂದ ಗೊತ್ತಾದರೂ ಸಾಕು. ಹಾಗಾಗಿ ಗುರುವಾರದ ಒಪ್ಪಿಗೆಗೆ ಬೆಲೆಯಿಲ್ಲ.

ಅಂಕವೆಲ್ಲ ಇರುವುದು ಈ ನಡುವಿನ ಭಾಗದಲ್ಲಿ. "ಬರೆದು ಸಹಿ ಹಾಕಿ" ಎಂಬ ಮೂರು ಪದಗಳನ್ನು ಪ್ರಶ್ನೆಯಲ್ಲಿ ಇಟ್ಟದ್ದೇ ನೀವು ಆ ಕಲಂ ಬಗ್ಗೆ ಬರೆಯಲಿ ಎಂದು. ಪ್ರಶ್ನೆಯ ಪ್ರತಿ ಪದಕ್ಕೂ ಒಂದು ಕೆಲಸ ಇರುತ್ತದೆ. ಇದು ಕೈಗೆ ಹತ್ತಲು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯುವುದೊಂದೇ ದಾರಿ. ಒಂದು ವಿಷಯಕ್ಕೆ ಕನಿಷ್ಠ ಮೂರು ನಾಲ್ಕು ಪತ್ರಿಕೆ ಬರೆಯಿರಿ. ಬರೆದದ್ದನ್ನು ಯಾರಿಗಾದರೂ ತೋರಿಸಿ. ಯಾರಿಗೆ ಎನ್ನುವುದು ಮುಂದಿನ ಹಂತ.

ಹಂತ 4: ಸಹಾಯದ ಬಾಗಿಲನ್ನು ಮೂರನೇ ವಾರದಲ್ಲೇ ತಟ್ಟಿ

ಬಹಳ ಜನಕ್ಕೆ ಒಂದು ವಿಷಯ ಗೊತ್ತಿಲ್ಲ. ಓದು ಮುಗಿಸಿ ವೃತ್ತಿಗೆ ಹೋಗಲು ಬೇಕಾದ ನೆರವನ್ನು ವಿದ್ಯಾರ್ಥಿಗಳಿಗೆ ಕೊಡಲೇಬೇಕು ಎಂಬುದು ಕಾಲೇಜಿನ ಮೇಲೇ ಇರುವ ಎಬಿಎ ಷರತ್ತು. ಅಂದರೆ ಅಕಾಡೆಮಿಕ್ ಸಪೋರ್ಟ್ ಕಚೇರಿ ಯಾರೋ ದಯೆಯಿಂದ ನಡೆಸುತ್ತಿರುವುದಲ್ಲ. ನೀವು ಕಟ್ಟಿದ ಶುಲ್ಕದಲ್ಲೇ ಅದೂ ಸೇರಿದೆ. ಕಾಲೇಜಿಗೂ ಇದರ ಅಗತ್ಯ ಇದೆ. ಬಾರ್ ಪರೀಕ್ಷೆ ಬರೆದ ತನ್ನ ಪದವೀಧರರಲ್ಲಿ ಕನಿಷ್ಠ ಶೇಕಡಾ 75 ಮಂದಿ ಎರಡು ವರ್ಷದೊಳಗೆ ಪಾಸಾಗದಿದ್ದರೆ ಕಾಲೇಜಿನ ಮಾನ್ಯತೆಗೇ ಕುತ್ತು.

ನಮ್ಮಲ್ಲಿ ಒಂದು ಸಂಕೋಚ ಇದೆ. ಗುರುಗಳ ಕೋಣೆಗೆ ಕರೆಯದೆ ಹೋಗುವುದು ಹೇಗೆ, ಅರ್ಥವಾಗಿಲ್ಲ ಎಂದರೆ ದಡ್ಡ ಎಂದುಕೊಂಡಾರು ಎನ್ನುವ ಅಳುಕು. ನನಗೂ ಇತ್ತು. ಮೊದಲ ಸೆಮಿಸ್ಟರ್ ಪೂರ್ತಿ ನಾನು ಒಂದೇ ಒಂದು ಸಲವೂ ಆಫೀಸ್ ಅವರ್ಸ್‌ಗೆ, ಅಂದರೆ ಪ್ರೊಫೆಸರ್ ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟ ಹೊತ್ತಿಗೆ, ಹೋಗಲಿಲ್ಲ. ಆಮೇಲೆ ಟಿಎ ಆದಾಗ ಗೊತ್ತಾಯಿತು, ಆ ಸಾಲಿನಲ್ಲಿ ನಿಂತಿರುತ್ತಿದ್ದವರಲ್ಲಿ ಬಹಳಷ್ಟು ಮಂದಿ ಕ್ಲಾಸಿನಲ್ಲಿ ಮುಂದಿದ್ದವರೇ.

ಯಾರ ಬಳಿ ಏನು ಕೇಳಬೇಕು ಎನ್ನುವುದು ಗೊತ್ತಿರಲಿ. ವಿಷಯದ ಸಂದೇಹಕ್ಕೆ ಪ್ರೊಫೆಸರ್. ಓದುವ ಮತ್ತು ಉತ್ತರ ಬರೆಯುವ ರೀತಿಗೆ ಅಕಾಡೆಮಿಕ್ ಸಪೋರ್ಟ್ ಕಚೇರಿ. ಸಣ್ಣಪುಟ್ಟ ಅನುಮಾನಕ್ಕೆ ಆ ಕೋರ್ಸಿನ ಟಿಎ. ಅವರು ಅದೇ ಪ್ರೊಫೆಸರ್ ಬಳಿ ಓದಿದವರಾದರೆ ಇನ್ನೂ ಒಳ್ಳೆಯದು. ವಾಕ್ಯ, ವ್ಯಾಕರಣ, ಮೆಮೋ (ಕಾನೂನು ಟಿಪ್ಪಣಿ) ರಚನೆಗೆ ರೈಟಿಂಗ್ ಸೆಂಟರ್. ಕ್ರೆಡಿಟ್ ಲೆಕ್ಕಕ್ಕೆ ಅಡ್ವೈಸರ್ ಮತ್ತು ರಿಜಿಸ್ಟ್ರಾರ್. ಮನೆ, ಹಣ, ಕಾಯಿಲೆ, ಏನೇ ತೊಂದರೆ ಇದ್ದರೂ ಸ್ಟೂಡೆಂಟ್ ಅಫೇರ್ಸ್ ಡೀನ್. ಅಂಕ ಮತ್ತು ಲೆಕ್ಕದ ವಿಷಯವನ್ನು ಗೆಳೆಯರ ಬಾಯಿಂದ ಕೇಳಿ ನಂಬಬೇಡಿ. ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಎತ್ತಿಡಿ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. "ಸರ್, ಈ ಪಾಠ ಅರ್ಥ ಆಗಲಿಲ್ಲ" ಎಂದರೆ ಅವರಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. "ಈ ಎರಡು ತೀರ್ಪುಗಳಲ್ಲಿ ಸಂಗತಿ ಹೆಚ್ಚುಕಡಿಮೆ ಒಂದೇ, ತೀರ್ಮಾನ ಮಾತ್ರ ಬೇರೆ. ನನಗೆ ಕಂಡ ವ್ಯತ್ಯಾಸ ಇದು. ಸರಿಯೇ?" ಎಂದು ಕೇಳಿ. ಹತ್ತು ನಿಮಿಷದಲ್ಲಿ ಒಂದು ವಾರದ ಗೊಂದಲ ಕರಗುತ್ತದೆ. ಸಪೋರ್ಟ್ ಕಚೇರಿಗೆ ಹೋಗುವಾಗ ನೀವು ಬರೆದ ಒಂದು ಉತ್ತರ ಕೈಯಲ್ಲಿರಲಿ. ಅದು ಕೆಟ್ಟದಾಗಿದ್ದಷ್ಟೂ ಒಳ್ಳೆಯದು, ತಿದ್ದಲು ಅವರಿಗೆ ಏನಾದರೂ ಸಿಗುತ್ತದೆ.

ಪ್ರೊಫೆಸರನ್ನು ಹೇಗೆ ಕರೆಯುವುದು ಎನ್ನುವ ಗೊಂದಲವೂ ನಮ್ಮವರಿಗೆ ಇರುತ್ತದೆ. "ಪ್ರೊಫೆಸರ್" ಎಂದು, ಜೊತೆಗೆ ಅವರ ಮನೆತನದ ಹೆಸರು ಸೇರಿಸಿ ಕರೆದರೆ ಸಾಕು. ಅವರೇ ಹೇಳುವವರೆಗೆ ಬರೀ ಹೆಸರು ಹಿಡಿದು ಕರೆಯಬೇಡಿ.

ಇನ್ನೊಂದು ಎಚ್ಚರಿಕೆ. ಸಹಾಯಕ್ಕೆ ಮಿತಿ ಇದೆ. ಗ್ರೇಡ್ ಆಗುವ ಮೆಮೋವನ್ನು ಬೇರೆಯವರಿಗೆ ತೋರಿಸಬಹುದೇ, ಎಐ ಸಾಧನ ಬಳಸಬಹುದೇ ಎನ್ನುವುದು ಕೋರ್ಸಿನಿಂದ ಕೋರ್ಸಿಗೆ ಬೇರೆ. ಪಠ್ಯಕ್ರಮದ ಹಾಳೆಯಲ್ಲಿ ಬರೆದಿರುತ್ತಾರೆ. ಇಲ್ಲದಿದ್ದರೆ ಕೇಳಿ. ನಕಲಿನ ಆರೋಪ ಸಾಬೀತಾದರೆ ಅದು ಕಾಲೇಜಿನಲ್ಲೇ ಮುಗಿಯುವುದಿಲ್ಲ. ವಕೀಲಿಕೆಗೆ ಅರ್ಜಿ ಹಾಕುವಾಗ ನಡತೆಯ ತಪಾಸಣೆಯಲ್ಲೂ ಹೇಳಿಕೊಳ್ಳಬೇಕಾಗುತ್ತದೆ.

ಹಂತ 5: ಅಂಕ ಕಡಿಮೆ ಬಂದರೆ

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ದಿನ ಅನೇಕರಿಗೆ ಜೀವನದಲ್ಲೇ ಮೊದಲ ಸಲ ಬಿ ಅಥವಾ ಸಿ ಸಿಗುತ್ತದೆ. ಕಾರಣ ಕರ್ವ್. ಬಹುತೇಕ ಕಾಲೇಜುಗಳಲ್ಲಿ ಮೊದಲ ವರ್ಷದ ಕ್ಲಾಸಿನ ಸರಾಸರಿ ಇಷ್ಟೇ ಇರಬೇಕು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಎಲ್ಲರೂ ಚೆನ್ನಾಗಿ ಬರೆದರೂ ಎಲ್ಲರಿಗೂ ಎ ಬರುವುದಿಲ್ಲ. ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ನೆನಪಿಡಿ. ಇಲ್ಲಿನ ಬಿ ಎಂದರೆ ಮಕ್ಕಳು ಓದಲಿಲ್ಲ ಎಂದಲ್ಲ.

ಆದರೆ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಬಿದ್ದರೆ ವಿಷಯ ಗಂಭೀರ. ಬಹಳ ಕಡೆ ಅದು 2.0 ಜಿಪಿಎ, ಕೆಲವೆಡೆ ಇನ್ನೂ ಮೇಲೆ. ಕೆಳಗಿಳಿದರೆ ಪ್ರೊಬೇಷನ್‌ನಲ್ಲಿ, ಅಂದರೆ ಎಚ್ಚರಿಕೆಯ ಅವಧಿಯಲ್ಲಿ, ಇಡುತ್ತಾರೆ, ಮುಂದಿನ ಸೆಮಿಸ್ಟರಿನಲ್ಲಿ ಸುಧಾರಿಸದಿದ್ದರೆ ಹೊರಗೆ ಕಳಿಸಬಹುದು. ಆ ಪತ್ರ ಬಂದ ದಿನವೇ ಮೂರು ಕೆಲಸ ಮಾಡಿ. ಒಂದು, ಮೇಲ್ಮನವಿಗೆ ಅವಕಾಶ ಇದೆಯೇ, ಕೊನೆಯ ದಿನ ಯಾವುದು ಎಂದು ಓದಿ. ಎರಡು, ಸ್ಟೂಡೆಂಟ್ ಅಫೇರ್ಸ್ ಡೀನ್ ಜೊತೆ ಸಮಯ ಗೊತ್ತುಮಾಡಿ. ಮೂರು, ಪ್ರತಿ ಪ್ರೊಫೆಸರ್ ಬಳಿ ಹೋಗಿ ನಿಮ್ಮ ಉತ್ತರ ಪತ್ರಿಕೆ ನೋಡಿ. ಮೇಲ್ಮನವಿಯಲ್ಲಿ ಕಷ್ಟವನ್ನಷ್ಟೇ ಬರೆದರೆ ಸಾಲದು. ಏನಾಯಿತು, ಈಗ ಏನು ಬದಲಾಗಿದೆ, ವಾರಕ್ಕೆ ಯಾರ ಜೊತೆ ಎಷ್ಟು ಹೊತ್ತು ಓದುತ್ತೀರಿ ಎನ್ನುವುದನ್ನೂ ಬರೆಯಿರಿ.

ಸ್ಕಾಲರ್‌ಶಿಪ್ ಇದ್ದವರು ಅದರ ಷರತ್ತನ್ನು ಬೇರೆಯಾಗಿ ನೋಡಿ. ಕೆಲವು ಸ್ಕಾಲರ್‌ಶಿಪ್‌ಗಳಿಗೆ ಇಂತಿಷ್ಟು ಜಿಪಿಎ ಉಳಿಸಿಕೊಳ್ಳಬೇಕು ಎಂದಿರುತ್ತದೆ. ಹಾಗೆ ಎಷ್ಟು ಮಂದಿ ಕಳೆದುಕೊಂಡರು ಎನ್ನುವ ಅಂಕಿಯನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಪ್ರಕಟಿಸಲೇಬೇಕು. ಸೇರುವ ಮೊದಲೇ ಅದನ್ನು ನೋಡಿ. ಕರ್ವ್ ಇರುವ ಕಡೆ 3.0 ಉಳಿಸಿಕೊಳ್ಳುವುದು ಕೇಳಿದಷ್ಟು ಸುಲಭ ಅಲ್ಲ.

ಎಫ್-1 ವೀಸಾದವರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕಷ್ಟವಾಯಿತು ಎಂದು ಕೋರ್ಸ್ ಬಿಡುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ, ಡಿಎಸ್ಒ ಅವರನ್ನು ಕಾಣಿ. ಅವರ ಅನುಮತಿ ಇಲ್ಲದೆ ಪೂರ್ಣಾವಧಿಗಿಂತ ಕೆಳಗಿಳಿದರೆ ವೀಸಾ ಸ್ಥಿತಿಗೇ ಧಕ್ಕೆ. ಕಾಯಿಲೆಯ ಕಾರಣಕ್ಕೆ, ಕೆಲವು ಓದಿನ ತೊಂದರೆಗಳಿಗೆ ಕ್ರೆಡಿಟ್ ಇಳಿಸಲು ಅನುಮತಿ ಸಿಗುತ್ತದೆ. ಆದರೆ ಮೊದಲು ಅನುಮತಿ, ಆಮೇಲೆ ಕೋರ್ಸ್ ಬಿಡುವುದು. ಈ ಕ್ರಮ ತಿರುಗಬಾರದು.

ಹಂತ 6: ಅಂಗವೈಕಲ್ಯ, ಕಾಯಿಲೆ, ಮನಸ್ಸಿನ ಭಾರ

ಓದುವ ತೊಡಕು, ಗಮನ ನಿಲ್ಲದ ತೊಂದರೆ (ಎಡಿಎಚ್‌ಡಿ), ದೃಷ್ಟಿ ದೋಷ, ಖಿನ್ನತೆ, ದೀರ್ಘ ಕಾಯಿಲೆ ಇದ್ದವರಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬೇರೆ ಕೋಣೆ, ನೋಟ್ಸ್ ಸಹಾಯ ಸಿಗುತ್ತದೆ. 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಕಾಯ್ದೆ ಕೊಟ್ಟ ಹಕ್ಕು ಇದು. ಕೇಳಬೇಕಾದ್ದು ಪ್ರೊಫೆಸರನ್ನಲ್ಲ, ಅದಕ್ಕೆಂದೇ ಇರುವ ಕಚೇರಿಯನ್ನು. ಪರೀಕ್ಷೆಯಲ್ಲಿ ನಿಮ್ಮ ಗುರುತು ಪ್ರೊಫೆಸರ್‌ಗೆ ತಿಳಿಯಬಾರದು, ಅದಕ್ಕೇ ಹೀಗೆ. ವೈದ್ಯರ ದಾಖಲೆ ಹೊಂದಿಸಲು ವಾರಗಳೇ ಹಿಡಿಯುತ್ತವೆ, ಸೆಮಿಸ್ಟರಿನ ಶುರುವಿನಲ್ಲೇ ಅರ್ಜಿ ಕೊಡಿ. ಬಾರ್ ಪರೀಕ್ಷೆಗೆ ಮತ್ತೆ ಬೇರೆ ಅರ್ಜಿ ಹಾಕಬೇಕು. ಕಾಲೇಜಿನಲ್ಲಿ ಈ ಸೌಲಭ್ಯ ಪಡೆದ ದಾಖಲೆ ಆಗ ನೆರವಿಗೆ ಬರುತ್ತದೆ.

ಕೌನ್ಸೆಲರ್ ಬಳಿ ಹೋದರೆ ಮುಂದೆ ವಕೀಲಿಕೆಗೆ ಅಡ್ಡಿಯಾದೀತು ಎಂದು ಹೆದರಿ ಒಳಗೊಳಗೇ ಕುಗ್ಗಿಹೋದವರನ್ನು ನೋಡಿದ್ದೇನೆ. ಊಹೆಯ ಮೇಲೆ ಹೆದರಬೇಡಿ. ನಿಮ್ಮ ರಾಜ್ಯದ ಅರ್ಜಿಯಲ್ಲಿ ನಿಜವಾಗಿ ಏನು ಕೇಳಿದ್ದಾರೆ ಎಂದು ತೆಗೆದು ಓದಿ. ವಕೀಲರಿಗೂ ಕಾನೂನು ವಿದ್ಯಾರ್ಥಿಗಳಿಗೂ ಗುಟ್ಟಾಗಿ ನೆರವು ಕೊಡುವ ಲಾಯರ್ ಅಸಿಸ್ಟೆನ್ಸ್ ಪ್ರೋಗ್ರಾಂ ರಾಜ್ಯಗಳಲ್ಲಿ ಇವೆ.

ಹಂತ 7: ಎರಡನೇ, ಮೂರನೇ ವರ್ಷವನ್ನು ಕೊನೆಯಿಂದ ಹಿಂದಕ್ಕೆ ಜೋಡಿಸಿ

ಮೊದಲ ವರ್ಷ ಮುಗಿದರೆ ಸುಮಾರು 30 ಕ್ರೆಡಿಟ್ ಕೈಗೆ ಬಂದಿರುತ್ತದೆ. ಇನ್ನು ಆಯ್ಕೆ ನಿಮ್ಮದು. ಕಷ್ಟವೂ ಅಲ್ಲೇ. ಪಟ್ಟಿಯಲ್ಲಿ ನೂರಾರು ಕೋರ್ಸ್ ಇರುತ್ತವೆ, ಆದರೆ ಎಲ್ಲವೂ ಪ್ರತಿ ವರ್ಷ ನಡೆಯುವುದಿಲ್ಲ.

ಕೊನೆಯ ಸೆಮಿಸ್ಟರಿನಿಂದ ಹಿಂದಕ್ಕೆ ಬನ್ನಿ. ಕೊನೆಯದರಲ್ಲಿ ಯಾವ ಕಡ್ಡಾಯ ಷರತ್ತನ್ನೂ ಇಡಬೇಡಿ, ಏನಾದರೂ ತಪ್ಪಿದರೆ ತುಂಬಿಕೊಳ್ಳಲು ಜಾಗ ಬೇಕು. ಬರವಣಿಗೆಯ ಸೆಮಿನಾರನ್ನು ಎರಡನೇ ವರ್ಷದಲ್ಲೇ ಮುಗಿಸಿ. ಕ್ಲಿನಿಕ್‌ಗಳಿಗೆ ಹಿಂದಿನ ಸೆಮಿಸ್ಟರಿನಲ್ಲೇ ಅರ್ಜಿ ಕರೆಯುತ್ತಾರೆ, ಕೆಲವಕ್ಕೆ ಎವಿಡೆನ್ಸ್ (ಸಾಕ್ಷ್ಯ ಕಾನೂನು) ಕೋರ್ಸ್ ಓದಿರಬೇಕು. ಕಕ್ಷಿದಾರರ ಪರ ಕೋರ್ಟಿನಲ್ಲಿ ನಿಲ್ಲಲು ವಿದ್ಯಾರ್ಥಿಗಳಿಗೆ ರಾಜ್ಯದ ಅನುಮತಿಯೂ ಬೇಕಾಗುತ್ತದೆ. ನನ್ನನ್ನು ಕೇಳಿದರೆ, ಆರು ಕ್ರೆಡಿಟ್‌ನ ಪ್ರಾಯೋಗಿಕ ಷರತ್ತನ್ನು ಕ್ಲಿನಿಕ್‌ನಲ್ಲೇ ಗಳಿಸಿ. ಮನೆ ಖಾಲಿ ಮಾಡುವ ನೋಟಿಸ್ ಕೈಯಲ್ಲಿ ಹಿಡಿದು ಎದುರು ಕೂತ ತಾಯಿಯ ಜೊತೆ ಮಾತಾಡಿದ ಮೇಲೆ ನಾನು ಸಿವಿಲ್ ಪ್ರೊಸೀಜರನ್ನು ಓದಿದ ರೀತಿಯೇ ಬದಲಾಯಿತು.

ಎಕ್ಸ್‌ಟರ್ನ್‌ಶಿಪ್ ಆರಿಸುವ ಎಫ್-1 ವಿದ್ಯಾರ್ಥಿಗಳು ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ, ಬೇಕೇ ಎಂದು ಮೊದಲು ವಿಚಾರಿಸಿ. ಸಿಪಿಟಿಗೆ ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದಿರಬೇಕು.

ಬಾರ್ ಪರೀಕ್ಷೆಯ ವಿಷಯಗಳನ್ನೂ ನಡುನಡುವೆ ಸೇರಿಸಿ. ಎವಿಡೆನ್ಸ್, ಬಿಸಿನೆಸ್ ಅಸೋಸಿಯೇಷನ್ಸ್ (ಕಂಪನಿ, ಪಾಲುದಾರಿಕೆಗಳ ಕಾನೂನು), ಕ್ರಿಮಿನಲ್ ಪ್ರೊಸೀಜರ್ ಇಂಥವು. ಎಲ್ಲವನ್ನೂ ಓದಬೇಕಿಲ್ಲ. ಮೊದಲ ವರ್ಷ ಅಂಕ ಕಡಿಮೆ ಬಂದವರು ಮಾತ್ರ ಇವನ್ನು ಬಿಡಬೇಡಿ.

ಹಂತ 8: ಪದವಿಯ ಅರ್ಜಿ ಮತ್ತು ಬಾರ್ ಪರೀಕ್ಷೆ

ಪದವಿ ತಾನಾಗಿ ಬರುವುದಿಲ್ಲ, ಅದಕ್ಕೂ ಒಂದು ಅರ್ಜಿ ಇದೆ. ಕೊನೆಯ ವರ್ಷ ಶುರುವಾಗುವ ಮೊದಲೇ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು ನಿಮ್ಮ ಹಾಳೆಯನ್ನು ಅವರ ದಾಖಲೆಯೊಂದಿಗೆ ಸಾಲು ಸಾಲಾಗಿ ತಾಳೆ ನೋಡಿ.

ವೃತ್ತಿ ಧರ್ಮದ ಪರೀಕ್ಷೆ ಎಂಪಿಆರ್‌ಇಯನ್ನು ಆ ಕೋರ್ಸ್ ಓದಿದ ಬೆನ್ನಲ್ಲೇ ಬರೆದುಬಿಡಿ. ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಎರಡು ಗಂಟೆ, 60 ಪ್ರಶ್ನೆ. ಪಾಸಾಗಲು ಎಷ್ಟು ಬೇಕು ಎನ್ನುವುದು ರಾಜ್ಯಕ್ಕೆ ತಕ್ಕಂತೆ. ನ್ಯೂಯಾರ್ಕ್‌ನಲ್ಲಿ 85, ಕ್ಯಾಲಿಫೋರ್ನಿಯಾದಲ್ಲಿ 86.

ಬಾರ್ ಪರೀಕ್ಷೆ ಫೆಬ್ರವರಿ ಮತ್ತು ಜುಲೈನಲ್ಲಿ ನಡೆಯುತ್ತದೆ. ಅನೇಕ ರಾಜ್ಯಗಳು ಒಪ್ಪಿರುವ ಯೂನಿಫಾರ್ಮ್ ಬಾರ್ ಪರೀಕ್ಷೆಯಲ್ಲಿ 200 ಬಹು ಆಯ್ಕೆಯ ಪ್ರಶ್ನೆ, ಆರು ಪ್ರಬಂಧ, ಎರಡು ಪ್ರಾಯೋಗಿಕ ಬರಹ ಇರುತ್ತವೆ. 2026ರ ಜುಲೈನಿಂದ ಕೆಲವು ರಾಜ್ಯಗಳು ನೆಕ್ಸ್ಟ್‌ಜೆನ್ ಎಂಬ ಹೊಸ ಮಾದರಿಗೆ ಹೋಗುತ್ತಿವೆ. ಹಾಗಾಗಿ ಸೀನಿಯರ್‌ಗಳ ಪುಸ್ತಕ ಕೊಳ್ಳುವ ಮೊದಲು ನೀವು ಬರೆಯುವ ವರ್ಷದಲ್ಲಿ ನಿಮ್ಮ ರಾಜ್ಯ ಯಾವುದನ್ನು ನಡೆಸುತ್ತದೆ ಎಂದು ನೋಡಿ. ಕಾಲೇಜಿನ ಬಾರ್ ಸಪೋರ್ಟ್ ತಂಡ ಪದವಿ ಮುಗಿದ ಮೇಲೂ ನೆರವಾಗುವುದು ಸಾಮಾನ್ಯ. ಮೇ ತಿಂಗಳ ಪದವಿಯಿಂದ ಜುಲೈನ ಪರೀಕ್ಷೆಯವರೆಗಿನ ಎರಡು ತಿಂಗಳು ಅವರಿಗೆ ವಾರಕ್ಕೊಂದು ಉತ್ತರವನ್ನಾದರೂ ಕಳಿಸಿ.

ಕೊನೆಗೆ ಹೆಸರಿನ ವಿಷಯ. ನಮ್ಮ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದಿರುತ್ತಾರೆ. ಕಾಲೇಜಿನ ದಾಖಲೆಯಲ್ಲಿ ಇನ್ನೊಂದು ರೀತಿ ಇರುತ್ತದೆ. ಬಾರ್ ಅರ್ಜಿ, ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿ, ಕಾಲೇಜು ರಾಜ್ಯಕ್ಕೆ ಕಳಿಸುವ ಪದವಿ ದೃಢೀಕರಣ, ಈ ಮೂರರಲ್ಲೂ ಹೆಸರು ಅಕ್ಷರ ಬಿಡದೆ ಒಂದೇ ಇರಬೇಕು. ಬೇರೆ ಇದ್ದರೆ ಮೂರನೇ ವರ್ಷದ ಮೊದಲ ತಿಂಗಳಲ್ಲೇ ರಿಜಿಸ್ಟ್ರಾರ್ ಬಳಿ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ ಸರಿಪಡಿಸಿಕೊಳ್ಳಿ.